ಮುಖಗವಸು: ಬಟ್ಟೆಯ ಪ್ರಶ್ನೆ, ಆಜ್ಞೆಯ ಪ್ರಶ್ನೆ

ಸಾಂಕ್ರಾಮಿಕ ರೋಗ ಹಬ್ಬಿದಾಗ ಎಲ್ಲರೂ ಮಾಸ್ಕ್ ಹಾಕಲೇಬೇಕೆಂದು ಸರ್ಕಾರ ಆಜ್ಞೆ ಮಾಡಬಹುದೆ? ಹಾಕದವರಿಂದ ದಂಡ ಕಟ್ಟಿಸಿಕೊಳ್ಳಬಹುದೆ? ಇವತ್ತು ಈ ಜಗಳದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಕೋವಿಡ್ ಕಾಲದಲ್ಲಿ ಇದನ್ನು ನಾವೆಲ್ಲ ಕೇಳಿದ್ದೇವೆ. ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಬಾಗಿಲಲ್ಲಿ ಆಡಿಯೂ ಇದ್ದೇವೆ. ಆದರೆ ಈ ಜಗಳ ಹೊಸದಲ್ಲ. ಇದಕ್ಕೆ ನೂರು ವರ್ಷ ದಾಟಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿರುವುದು ಎರಡು ಪ್ರಶ್ನೆ. ಮೂಗು ಬಾಯಿ ಮುಚ್ಚಿಕೊಂಡರೆ ರೋಗ ತಡೆಯುತ್ತದೆಯೆ, ಇದು ಒಂದು. ಹಾಗೆ ಮುಚ್ಚಿಕೊಳ್ಳಿ ಎಂದು ಊರಿಗೆಲ್ಲ ಆಜ್ಞೆ ಹೊರಡಿಸಿದರೆ ರೋಗ ಇಳಿಯುತ್ತದೆಯೆ, ಇದು ಇನ್ನೊಂದು. ಮೊದಲನೆಯದು ಬಟ್ಟೆಯ ಪ್ರಶ್ನೆ. ಅದಕ್ಕೆ ಉತ್ತರ ವೈದ್ಯರ ಹತ್ತಿರ ಇದೆ. ಎರಡನೆಯದು ಆಜ್ಞೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಬೀದಿಯಲ್ಲಿ. ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಬಹಳ ಕೆಡುಕಾಗಿದೆ.

ಬಟ್ಟೆಯ ಪ್ರಶ್ನೆಯಿಂದ ಹೊರಡೋಣ. ಅದಕ್ಕಾಗಿ ಚೀನಾದ ಈಶಾನ್ಯ ತುದಿಗೆ ಹೋಗಬೇಕು. ಮಂಚೂರಿಯಾ ಎಂಬ ಸೀಮೆ. ಹಾರ್ಬಿನ್ ಎಂಬ ಪಟ್ಟಣ. 1910ರ ಕೊನೆ, ಹೆಪ್ಪುಗಟ್ಟಿಸುವ ಚಳಿಗಾಲ. ಅಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತ್ತು. ಅದು ತಗುಲಿದವರು ಬದುಕುತ್ತಿರಲಿಲ್ಲ. ಸರ್ಕಾರ ಅಲ್ಲಿಗೆ ಕಳಿಸಿದ್ದು ವು ಲಿಯೆನ್ ತೆ ಎಂಬ ತರುಣ ವೈದ್ಯನನ್ನು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಡ್ಜ್‌ನಲ್ಲಿ ಓದಿ ಬಂದವರು. ವಯಸ್ಸು ಮೂವತ್ತೊಂದು. ಈ ಪ್ಲೇಗು ಇಲಿಯಿಂದ ಬರುತ್ತಿಲ್ಲ, ಉಸಿರಿನಿಂದ ಹರಡುತ್ತಿದೆ ಎಂದು ಅವರು ಕಂಡುಕೊಂಡರು. ಎರಡು ಪದರ ಗಾಜ್ ಬಟ್ಟೆ, ನಡುವೆ ಹತ್ತಿ, ತಲೆಯ ಹಿಂದೆ ಕಟ್ಟುವ ದಾರ. ಇಂಥ ಮುಖಗವಸನ್ನು ವೈದ್ಯರಿಗೂ ದಾದಿಯರಿಗೂ ಹೆಣ ಸಾಗಿಸುವವರಿಗೂ ಕೊಟ್ಟರು.

ಹಾರ್ಬಿನ್ನಿಗೆ ಮೆಸ್ನಿ ಎಂಬ ಫ್ರೆಂಚ್ ವೈದ್ಯರೂ ಬಂದಿದ್ದರು. ಅನುಭವಿ, ಹಿರಿಯರು. ವು ಅವರ ಮಾತನ್ನು ಅವರು ಒಪ್ಪಲಿಲ್ಲ. ಮುಖಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ಆ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಸತ್ತವರು ಸುಮಾರು 60 ಸಾವಿರ. ಮೆಸ್ನಿಯವರ ಸಾವಿನ ನಂತರ ಹಾರ್ಬಿನ್ನಿನ ವೈದ್ಯರಿಗೆ ಯಾರೂ ಆಜ್ಞೆ ಮಾಡಬೇಕಾಗಿ ಬರಲಿಲ್ಲ.

ಹಾಗಾದರೆ, ರೋಗಿಯ ಹಾಸಿಗೆಯ ಬಳಿ, ಸರಿಯಾಗಿ ಕಟ್ಟಿಕೊಂಡ ಮುಖಗವಸು ಜೀವ ಉಳಿಸುತ್ತದೆ. ಇಷ್ಟು ಹಾರ್ಬಿನ್ ಹೇಳಿತು. ಈಗ ಆಜ್ಞೆಯ ಪ್ರಶ್ನೆಗೆ ಬರೋಣ. ಅದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋಗಬೇಕು. ಕಾಲ 1918ರ ಶರತ್ಕಾಲ.

ಆ ವರ್ಷದ ಇನ್‌ಫ್ಲುಯೆಂಜಾ ಬಗ್ಗೆ ನಿಮ್ಮಲ್ಲಿ ಕೆಲವರು ಹಿರಿಯರ ಬಾಯಲ್ಲಿ ಕೇಳಿರಬಹುದು. ಅದೇ ಜ್ವರ ಬೊಂಬಾಯಿಯ ಬಂದರಿನಿಂದ ಒಳಬಂದು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಅದು ಸೆಪ್ಟೆಂಬರ್ ಕೊನೆಯಲ್ಲಿ ತಲುಪಿತು. ಐದು ಲಕ್ಷ ಜನರ ನಗರ. ಮೊದಲನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ನಗರದ ಆರೋಗ್ಯಾಧಿಕಾರಿ ಡಾ. ವಿಲಿಯಂ ಹ್ಯಾಸ್ಲರ್. ಮೇಯರ್ ಜೇಮ್ಸ್ ರಾಲ್ಫ್. ಅಕ್ಟೋಬರ್ ಮಧ್ಯದಲ್ಲಿ ಶಾಲೆ ಮುಚ್ಚಿದರು, ನಾಟಕಶಾಲೆ ಮುಚ್ಚಿದರು, ಸಭೆ ಸಮಾರಂಭ ನಿಲ್ಲಿಸಿದರು. ಒಂದು ವಾರ ಕಳೆದ ಮೇಲೆ, ಅಕ್ಟೋಬರ್ 25ರ ಹೊತ್ತಿಗೆ, ನಗರ ಮಂಡಳಿಯ ಆಜ್ಞೆ ಬಂತು. ಸಾರ್ವಜನಿಕ ಸ್ಥಳದಲ್ಲಿ ಪ್ರತಿಯೊಬ್ಬರೂ ಮುಖಗವಸು ಕಟ್ಟಬೇಕು. ತಪ್ಪಿದರೆ ಐದರಿಂದ ನೂರು ಡಾಲರ್ ದಂಡ, ಇಲ್ಲವೆ ಹತ್ತು ದಿನದವರೆಗೆ ಜೈಲು.

ಆ ಮುಖಗವಸು ಹೇಗಿತ್ತೆಂದರೆ, ಗಾಯಕ್ಕೆ ಸುತ್ತುವ ತೆಳ್ಳನೆ ಬಿಳಿಬಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ, ಮೂಲೆಗಳಿಗೆ ಪಟ್ಟಿ ಹೊಲಿದದ್ದು. ರೆಡ್ ಕ್ರಾಸ್‌ನವರು ಹತ್ತು ಸೆಂಟಿಗೆ ಒಂದರಂತೆ ಮಾರಿದರು. ಜನ ಸಾಲುಗಟ್ಟಿ ಕೊಂಡರು. ಕೆಲವೇ ದಿನಗಳಲ್ಲಿ ಲಕ್ಷದಷ್ಟು ಖರ್ಚಾದವು. ರೆಡ್ ಕ್ರಾಸ್‌ನ ಜಾಹೀರಾತು ಮುಖಗವಸು ಹಾಕದವರನ್ನು ಯುದ್ಧಕ್ಕೆ ಬೆನ್ನು ತೋರಿಸಿದವರ ಸಾಲಿಗೆ ಸೇರಿಸಿತು. ಕೇಳುಗರೆ, ಇದನ್ನು ನೆನಪಿಟ್ಟುಕೊಳ್ಳಿ. ಜನ ಆಜ್ಞೆ ಪಾಲಿಸಿದ್ದು ರೋಗದ ಭಯಕ್ಕೆ ಎಷ್ಟೋ, ದೇಶಾಭಿಮಾನದ ಮಾತಿಗೂ ಅಷ್ಟೆ. ಆ ಅಭಿಮಾನ ಯುದ್ಧ ಇರುವಷ್ಟು ದಿನ ಮಾತ್ರ ಕೆಲಸಕ್ಕೆ ಬರುವಂಥದು.

ಪಾಲಿಸದವರೂ ಇದ್ದರು. ಪೊಲೀಸರು ದಿನಕ್ಕೆ ನೂರರ ಲೆಕ್ಕದಲ್ಲಿ ಹಿಡಿದರು. ಹೆಚ್ಚಿನವರಿಗೆ ಐದು ಡಾಲರ್ ದಂಡ. ಅದು ಆಗಿನ ಸಾಧಾರಣ ಕೂಲಿಗಾರನಿಗೆ ಸಣ್ಣ ಮೊತ್ತವಲ್ಲ. ಇನ್ನೂ ಕೆಟ್ಟದ್ದೂ ನಡೆಯಿತು. ಅಕ್ಟೋಬರ್ ಮುಗಿಯುವ ಮುಂಚೆ ನಗರದ ನಡುಬೀದಿಯಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರೊಬ್ಬ, ಮುಖಗವಸು ಹಾಕಲು ಒಪ್ಪದ ಒಬ್ಬ ಕಮ್ಮಾರನೊಡನೆ ಜಗಳಕ್ಕೆ ಬಿದ್ದು ಪಿಸ್ತೂಲು ಹಾರಿಸಿದ. ಆ ಕಮ್ಮಾರನಿಗೂ ದಾರಿಹೋಕರಿಬ್ಬರಿಗೂ ಗುಂಡು ತಗುಲಿತು. ಜೀವ ಉಳಿಸುವುದಕ್ಕೆ ಹೊರಟ ಆಜ್ಞೆ ಮೂವರ ಮೈಗೆ ಗುಂಡು ಹೊಡೆದು ನಿಂತಿತು. ಆಜ್ಞೆ ಮಾಡುವವರು ಯೋಚಿಸಬೇಕಾದ ಸಂಗತಿ ಇದು. ದಂಡ ಹಾಕುವ ಅಧಿಕಾರವನ್ನು ಕೊಟ್ಟರೆ ಅದು ಕೊನೆಗೆ ಹೋಗಿ ಸೇರುವುದು ಬೀದಿಯಲ್ಲಿ ನಿಂತ ಒಬ್ಬ ಸಣ್ಣ ನೌಕರನ ಕೈಗೆ. ಅವನ ಕೋಪತಾಪಕ್ಕೆ ಊರೆಲ್ಲ ಗುರಿಯಾಗುತ್ತದೆ.

ನವೆಂಬರ್ 11ರಂದು ಯುದ್ಧ ನಿಂತಿತು. ಮುಖಗವಸು ಕಟ್ಟಿಕೊಂಡೇ ಜನ ಬೀದಿಯಲ್ಲಿ ಕುಣಿದರು. ಆ ದಿನಗಳಲ್ಲೇ ಒಂದು ಬಾಕ್ಸಿಂಗ್ ಪಂದ್ಯ ನಡೆಯಿತು. ಪತ್ರಿಕೆಯವರು ಪ್ರೇಕ್ಷಕರ ಫೋಟೊ ತೆಗೆದರು. ಅದರಲ್ಲಿ ಮೇಯರ್ ರಾಲ್ಫ್ ಇದ್ದರು. ಆರೋಗ್ಯಾಧಿಕಾರಿ ಹ್ಯಾಸ್ಲರ್ ಕೂಡ ಇದ್ದರು. ಇಬ್ಬರ ಮುಖದ ಮೇಲೂ ಮುಖಗವಸು ಸರಿಯಾಗಿರಲಿಲ್ಲ. ಪೊಲೀಸ್ ಮುಖ್ಯಸ್ಥರು ಮೇಯರ್‌ಗೆ ಐವತ್ತು ಡಾಲರ್, ಹ್ಯಾಸ್ಲರ್ ಅವರಿಗೆ ಐದು ಡಾಲರ್ ದಂಡ ಹಾಕಿದರು. ಆ ಪೊಲೀಸ್ ಮುಖ್ಯಸ್ಥರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಫೋಟೊ ಮಾಡಿದ ಹಾನಿಯನ್ನು ಐವತ್ತು ಡಾಲರ್ ತುಂಬಿಕೊಡಲಿಲ್ಲ.

ನವೆಂಬರ್ 21ರಂದು ಮಧ್ಯಾಹ್ನ ಹನ್ನೆರಡಕ್ಕೆ ನಗರದಲ್ಲೆಲ್ಲ ಸೈರನ್ನು ಮೊಳಗಿತು. ಮುಖಗವಸು ತೆಗೆಯಬಹುದು ಎಂಬ ಸೂಚನೆ ಅದು. ಜನ ಕಿತ್ತು ರಸ್ತೆಗೆಸೆದರು. ರೋಗ ಇಳಿದಿತ್ತು. ಗೆದ್ದೆವು ಎಂದು ಹ್ಯಾಸ್ಲರ್ ನಂಬಿದರು. ಗೆಲುವಿನ ಪಾಲನ್ನು ಮುಖಗವಸಿಗೆ ಕೊಟ್ಟರು.

ಡಿಸೆಂಬರ್‌ನಲ್ಲಿ ರೋಗ ಮತ್ತೆ ಏರಿತು. ಮತ್ತೆ ಆಜ್ಞೆ ಬೇಕೆಂದು ಹ್ಯಾಸ್ಲರ್ ಕೇಳಿದರು. ಈ ಸಲ ನಗರ ಬೇರೆಯಾಗಿತ್ತು. ಯುದ್ಧ ಇರಲಿಲ್ಲ. ಕ್ರಿಸ್‌ಮಸ್ ವ್ಯಾಪಾರ ಕೆಡುತ್ತದೆ ಎಂದು ಅಂಗಡಿಯವರು ಎದ್ದುನಿಂತರು. ಹ್ಯಾಸ್ಲರ್ ಅವರ ಕಚೇರಿಗೆ ಯಾರೋ ಬಾಂಬು ಕಳಿಸಿದರು. ನಗರ ಮಂಡಳಿ ಆಜ್ಞೆಯನ್ನು ತಳ್ಳಿಹಾಕಿತು. ಜನವರಿಯಲ್ಲಿ ಸಾವು ಹೆಚ್ಚಿದ ಮೇಲೆ ಅದೇ ಮಂಡಳಿ ಒಪ್ಪಿತು. 1919ರ ಜನವರಿ 17ರಿಂದ ಎರಡನೇ ಆಜ್ಞೆ ಜಾರಿಗೆ ಬಂತು.

ಆಗ ಹುಟ್ಟಿದ್ದು ಮುಖಗವಸು ವಿರೋಧಿ ಸಂಘ. ಅದರ ಅಧ್ಯಕ್ಷೆ ಶ್ರೀಮತಿ ಹ್ಯಾರಿಂಗ್ಟನ್. ವಕೀಲೆ. ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವರು, ಕಾರ್ಮಿಕರ ಪರ ನಿಂತವರು, ಮೇಯರ್‌ನ ರಾಜಕೀಯ ವಿರೋಧಿ. ಜನವರಿ 25ರಂದು ಡ್ರೀಮ್‌ಲ್ಯಾಂಡ್ ಎಂಬ ದೊಡ್ಡ ಸಭಾಂಗಣದಲ್ಲಿ ಸಭೆ ಕರೆದರು. ಸಾವಿರಾರು ಜನ ಸೇರಿದರು. ವಿರೋಧಿಗಳೆಂದರೆ ತಿಳಿವಳಿಕೆ ಇಲ್ಲದವರು, ಹಟಮಾರಿಗಳು ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಅಲ್ಲಿ ಎಲ್ಲ ಬಗೆಯವರೂ ಇದ್ದರು. ನನ್ನ ಮುಖದ ಮೇಲೆ ನನ್ನದೇ ಅಧಿಕಾರ ಎನ್ನುವವರಿದ್ದರು. ವ್ಯಾಪಾರ ಹಾಳಾದವರಿದ್ದರು. ಧರ್ಮದ ಕಾರಣ ಹೇಳುವವರಿದ್ದರು. ಈ ಬಟ್ಟೆಯಿಂದ ಪ್ರಯೋಜನವಿದೆಯೆಂಬ ಸಾಕ್ಷ್ಯ ಎಲ್ಲಿ ಎಂದು ಕೇಳುವ ವೈದ್ಯರೂ ಇದ್ದರು. ಹಾಗೆ ಕೇಳಿದ್ದು ತಪ್ಪಾಗಿರಲಿಲ್ಲ. ರೋಗ ಇಳಿದಿದ್ದರಿಂದ ಫೆಬ್ರವರಿ 1ರಂದು ಆಜ್ಞೆ ಕೊನೆಗೊಂಡಿತು. ಆ ಕಾಲದ ಲೆಕ್ಕದಲ್ಲಿ ನಗರದ 45 ಸಾವಿರ ಜನಕ್ಕೆ ರೋಗ ಬಂದು, ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು.

ಇಲ್ಲಿಯವರೆಗೆ ನೋಡಿದ್ದನ್ನು ಒಮ್ಮೆ ನೆನೆಯೋಣ. ಹಾರ್ಬಿನ್‌ನಲ್ಲಿ ಬಟ್ಟೆ ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಜ್ಞೆ ಮೊದಲು ನಡೆಯಿತು, ಆಮೇಲೆ ಮುರಿಯಿತು. ಹಾಗಾದರೆ ನಡೆದಷ್ಟು ದಿನ ಅದರಿಂದ ಉಪಕಾರವಾಯಿತೆ?

ಕ್ಯಾಲಿಫೋರ್ನಿಯಾ ರಾಜ್ಯದ ಆರೋಗ್ಯ ಮಂಡಳಿಯಲ್ಲಿ ಕೆಲಾಗ್ ಎಂಬ ವೈದ್ಯರಿದ್ದರು. ಅವರು ಮುಖಗವಸಿನ ವಿರೋಧಿಯಲ್ಲ. ಆಜ್ಞೆ ಇದ್ದ ಊರುಗಳ ಮತ್ತು ಇಲ್ಲದ ಊರುಗಳ ಸಾವಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಜ್ಞೆಯಿಂದ ವ್ಯತ್ಯಾಸವಾದದ್ದು ಅವರಿಗೆ ಕಾಣಲಿಲ್ಲ. ಹಾಗೇಕಾಯಿತು ಎಂದು ಬಟ್ಟೆಯನ್ನೂ ಪ್ರಯೋಗಕ್ಕೆ ಒಡ್ಡಿದರು. ಪದರ ಕಡಿಮೆಯಾದರೆ ಕ್ರಿಮಿ ನುಸುಳುತ್ತದೆ. ಪದರ ಹೆಚ್ಚಿಸಿದರೆ ಉಸಿರಾಟ ಕಷ್ಟವಾಗಿ ಗಾಳಿ ಪಕ್ಕದಿಂದ ಒಳನುಗ್ಗುತ್ತದೆ.

ಇದಕ್ಕಿಂತ ದೊಡ್ಡ ದೋಷ ಆಜ್ಞೆಯಲ್ಲೇ ಇತ್ತು. ಊಟ ಮಾಡುವಾಗ ಮುಖಗವಸು ಬೇಡ ಎಂದಿತ್ತು. ಮನೆಯಲ್ಲಿ ಕುಟುಂಬದ ಇಬ್ಬರೇ ಇದ್ದರೆ ಬೇಡ ಎಂದಿತ್ತು. ಪೊಲೀಸರು ಕಾದು ನಿಂತದ್ದು ಗಾಳಿ ಬೀಸುವ ರಸ್ತೆಯಲ್ಲಿ. ಹೋಟೆಲಿನ ಇಕ್ಕಟ್ಟಿನಲ್ಲಿ, ಕಚೇರಿಯ ಮುಚ್ಚಿದ ಕೋಣೆಯಲ್ಲಿ, ಮಂಚದ ಪಕ್ಕದಲ್ಲಿ ಜನ ಮುಖಗವಸು ಬಿಚ್ಚಿ ಕೂತಿದ್ದರು. ಬಿಸಿಲಿಗೆ ಕೊಡೆ ಹಿಡಿದು ಮಳೆ ಬಂದಾಗ ಮಡಿಸಿಟ್ಟ ಹಾಗಾಯಿತು. ಅಲ್ಲದೆ ಶಾಲೆ, ನಾಟಕಶಾಲೆಗಳನ್ನು ಒಂದು ವಾರ ಮೊದಲೇ ಮುಚ್ಚಿದ್ದರಲ್ಲ, ರೋಗ ಇಳಿದದ್ದರಲ್ಲಿ ಅದರ ಪಾಲೆಷ್ಟು, ಮುಖಗವಸಿನ ಪಾಲೆಷ್ಟು ಎಂದು ಬೇರ್ಪಡಿಸುವುದಕ್ಕೂ ಬರುವಂತಿರಲಿಲ್ಲ.

ಕೆಲಾಗ್ ಅವರ ಲೆಕ್ಕ ತೋರಿಸಿದ್ದು ಆಜ್ಞೆಯ ಸೋಲನ್ನು. ಬಟ್ಟೆಯ ಸೋಲೆಂದು ಅದನ್ನು ಓದಿದವರು ಬಹಳ. ಎರಡು ಪ್ರಶ್ನೆ ಕಲೆತುಹೋದದ್ದು ಇಲ್ಲಿಂದ.

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಆರಂಭದಲ್ಲಿ ಕೋವಿಡ್ ಬಂದಾಗ ಮೊದಲು ಕೇಳಿಬಂದದ್ದು ಬೇಡ ಎಂಬ ಮಾತು. ಅಮೆರಿಕ ಸರ್ಕಾರದ ಉನ್ನತ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ ಫೆಬ್ರವರಿಯ ಕೊನೆಯಲ್ಲಿ ಜನರಿಗೆ ಮಾಸ್ಕ್ ಕೊಳ್ಳಬೇಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರವರೆಗೂ ಎಲ್ಲರೂ ಹಾಕಿ ಎಂದು ಹೇಳಲಿಲ್ಲ. ಇದರ ಹಿಂದೆ ಒಂದು ನಿಜವಾದ ಕಾರಣವಿತ್ತು. ಆಸ್ಪತ್ರೆಯಲ್ಲಿ ದುಡಿಯುವವರಿಗೇ ಮಾಸ್ಕ್ ಸಾಲುತ್ತಿರಲಿಲ್ಲ. ಅವರಿಗೆ ಉಳಿಯಲಿ ಎಂದಷ್ಟೇ ಹೇಳಿದ್ದರೆ ಜನ ಕೇಳುತ್ತಿದ್ದರು. ಅದರ ಜೊತೆಗೆ, ನಿಮಗೆ ಇದರಿಂದ ಉಪಯೋಗವಿಲ್ಲ ಎಂದೂ ಸೇರಿಸಿದರು. ವೈದ್ಯನಿಗೆ ಬೇಕಾದದ್ದು ನನಗೆ ಹೇಗೆ ಬೇಡ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೂರೇ ತಿಂಗಳಲ್ಲಿ ಮಾತು ತಿರುಗಿತು. ತಿರುಗಿದ್ದು ಸರಿಯಾಗಿಯೇ ಇತ್ತು. ಆದರೆ ಏಕೆ ತಿರುಗಿತೆಂದು ಬಿಡಿಸಿ ಹೇಳುವ ಶ್ರಮ ತೆಗೆದುಕೊಂಡವರು ಕಡಿಮೆ.

ನಮ್ಮ ದೇಶದಲ್ಲಿ ಏಪ್ರಿಲ್ ಮಧ್ಯದಲ್ಲೇ ಸಾರ್ವಜನಿಕ ಸ್ಥಳದಲ್ಲಿ ಮಾಸ್ಕ್ ಕಡ್ಡಾಯವಾಯಿತು. ಬೆಂಗಳೂರಿನ ರಸ್ತೆಗಳಲ್ಲಿ, ಮಾಸ್ಕ್ ಹಾಕದವರಿಗೆ ದಂಡ ಹಾಕುವ ಮಾರ್ಷಲ್‌ಗಳು ಕಾಣಿಸಿಕೊಂಡರು. ಅಕ್ಟೋಬರ್ ಹೊತ್ತಿಗೆ ರಾಜ್ಯ ಸರ್ಕಾರ ನಗರಗಳಲ್ಲಿ ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಜನ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವಳಿಗೆ ಸಾವಿರ ರೂಪಾಯಿ ಎಂದರೇನು ಎಂದು ನಿಮಗೆ ಗೊತ್ತು. ಎಲ್ಲೆಡೆ ಆಕ್ಷೇಪ ಎದ್ದಿತು. ವಾರದೊಳಗೆ ಸರ್ಕಾರ ಅದನ್ನು ನಗರಗಳಲ್ಲಿ 250ಕ್ಕೆ, ಹಳ್ಳಿಗಳಲ್ಲಿ 100ಕ್ಕೆ ಇಳಿಸಿತು. ಇಳಿಸಿದ್ದು ಒಳ್ಳೆಯದಾಯಿತು.

ದಂಡದ ಮೊತ್ತಕ್ಕಿಂತ ನೋವು ತಂದದ್ದು ಇನ್ನೊಂದು. ಅದೇ ದಿನಗಳಲ್ಲಿ ಎಲ್ಲ ಪಕ್ಷಗಳ ಮೆರವಣಿಗೆಗಳೂ ನಡೆದವು. ವೇದಿಕೆಯ ಮೇಲಿನವರ ಮಾಸ್ಕ್ ಗದ್ದಕ್ಕೆ ಇಳಿದಿರುತ್ತಿತ್ತು. ಅಲ್ಲಿ ದಂಡ ಏಕಿಲ್ಲ ಎಂದು ನಮ್ಮ ಹೈಕೋರ್ಟ್ ಸರ್ಕಾರವನ್ನು ಕೇಳಬೇಕಾಯಿತು. ಬಾಕ್ಸಿಂಗ್ ಪಂದ್ಯದ ಮೇಯರ್‌ಗೆ ಅವರದೇ ಊರಿನ ಪೊಲೀಸರು ದಂಡ ಹಾಕಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ದಿಲ್ಲಿಯಲ್ಲಿ ಇನ್ನೊಂದು ತಕರಾರು. ಕಾರಿನಲ್ಲಿ ಒಬ್ಬನೇ ಕೂತವನೂ ಮಾಸ್ಕ್ ಹಾಕಬೇಕೆ ಎಂದು. ಹಾಕಬೇಕು, ಅದು ಸುರಕ್ಷಾ ಕವಚ ಎಂದು 2021ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. ನ್ಯಾಯಾಲಯದ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಗಾಜು ಏರಿಸಿ ಒಬ್ಬನೇ ಕೂತವನನ್ನು ಹಿಡಿದರೆ ಕಾರಣ ಕೇಳುವ ಬುದ್ಧಿಯುಳ್ಳ ಜನ ಇಡೀ ಆಜ್ಞೆಯನ್ನೇ ಅನುಮಾನಿಸುತ್ತಾರೆ.

ತುಟಿ ನೋಡಿ ಮಾತು ತಿಳಿಯುವ ಕಿವುಡರ ಪಾಡನ್ನೂ ಇಲ್ಲೇ ಹೇಳಬೇಕು. ಎಲ್ಲರ ಬಾಯಿ ಮುಚ್ಚಿದ ದಿನ ಅವರಿಗೆ ಊರೇ ಮೌನವಾಯಿತು. ಆಸ್ಪತ್ರೆಯ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ ಅವರು ಪಟ್ಟ ಕಷ್ಟವನ್ನು ಆಜ್ಞೆ ಬರೆದವರಲ್ಲಿ ಎಷ್ಟು ಮಂದಿ ಯೋಚಿಸಿದ್ದರು?

ಇಷ್ಟು ಹೊತ್ತು ದಂಡದಿಂದ ನಡೆದ ಆಜ್ಞೆಗಳನ್ನು ನೋಡಿದೆವು. ದಂಡವಿಲ್ಲದೆ ಜನ ಮಾಸ್ಕ್ ಹಾಕುತ್ತಾರೆಯೆ? ಈ ಪ್ರಶ್ನೆಯನ್ನು ಒಂದು ಬಡ ದೇಶದಲ್ಲಿ, ದೊಡ್ಡ ಪ್ರಮಾಣದಲ್ಲಿ, ಶಾಸ್ತ್ರೀಯವಾಗಿ ಪರೀಕ್ಷಿಸಿದ್ದಾರೆ. ಬಾಂಗ್ಲಾದೇಶದಲ್ಲಿ.

2020ರ ಕೊನೆಯಿಂದ 2021ರ ಆರಂಭದವರೆಗೆ, ಸುಮಾರು 600 ಹಳ್ಳಿಗಳು, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರು. ಅಲ್ಲೂ ಮಾಸ್ಕ್ ಆಗಲೇ ಕಡ್ಡಾಯವಾಗಿತ್ತು. ಆದರೂ ನೂರಕ್ಕೆ ಹದಿಮೂರು ಜನ ಮಾತ್ರ ಸರಿಯಾಗಿ ಹಾಕುತ್ತಿದ್ದರು. ಚೀಟಿ ಎತ್ತಿದ ಹಾಗೆ ಆರಿಸಿ ಅರ್ಧದಷ್ಟು ಹಳ್ಳಿಗಳಲ್ಲಿ ಒಂದು ಪ್ರಯತ್ನ ಮಾಡಿದರು. ಮನೆಮನೆಗೆ ಮಾಸ್ಕ್ ಪುಕ್ಕಟೆ ಕೊಟ್ಟರು. ಹೇಗೆ ಹಾಕಬೇಕು, ಏಕೆ ಹಾಕಬೇಕು ಎಂದು ವಿಡಿಯೊ ತೋರಿಸಿದರು. ಮಸೀದಿಯಲ್ಲಿ ಇಮಾಮರು ಅದನ್ನೇ ಹೇಳಿದರು. ಸಂತೆಯಲ್ಲಿ, ಮಸೀದಿಯ ಬಾಗಿಲಲ್ಲಿ ಕಾರ್ಯಕರ್ತರು ನಿಂತರು. ಮಾಸ್ಕ್ ಇಲ್ಲದೆ ಬಂದವರನ್ನು ನಯವಾಗಿ ತಡೆದು, ಹಾಕಿಕೊಳ್ಳಿ ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ಒಂದು ಕೊಟ್ಟರು. ದಂಡದ ರಸೀತಿ ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ.

ಮಾಸ್ಕ್ ಹಾಕುವವರು ನೂರಕ್ಕೆ ಹದಿಮೂರರಿಂದ ನಲವತ್ತೆರಡಕ್ಕೆ ಏರಿದರು. ಊರಿಗೆ ಬಹುಮಾನ ಕೊಡುತ್ತೇವೆಂದರೂ, ಫೋನಿಗೆ ಸಂದೇಶ ಕಳಿಸಿದರೂ, ಅದಕ್ಕಿಂತ ಹೆಚ್ಚು ಏರಲಿಲ್ಲ. ಎದುರು ನಿಂತು ಕೇಳುವ ಮನುಷ್ಯ ಬೇಕಾಯಿತು.

ರೋಗ ಎಷ್ಟು ಇಳಿಯಿತು? ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಆಸ್ಪತ್ರೆಯಲ್ಲಿ ಬಳಸುವ ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಸಹಿತ ಕೋವಿಡ್ ನೂರಕ್ಕೆ ಸುಮಾರು ಹನ್ನೊಂದರಷ್ಟು ಕಡಿಮೆಯಾಯಿತು. ಅರವತ್ತು ದಾಟಿದವರಲ್ಲಿ ಮೂರನೇ ಒಂದು ಪಾಲು ಕಡಿಮೆಯಾಯಿತು. ಬರಿ ಬಟ್ಟೆಯ ಮಾಸ್ಕ್ ಕೊಟ್ಟಲ್ಲಿ ಸ್ಪಷ್ಟವಾದ ಲಾಭ ಕಾಣಲಿಲ್ಲ. ಇದು ಪವಾಡವಲ್ಲ. ಅರ್ಧಕ್ಕಿಂತ ಹೆಚ್ಚು ಜನ ಆಗಲೂ ಮಾಸ್ಕ್ ಹಾಕುತ್ತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಅಗ್ಗದ ವಸ್ತುವಿನಿಂದ ಮುದುಕರ ಮೂರನೇ ಒಂದು ಪಾಲು ಕಾಯಿಲೆ ತಪ್ಪುತ್ತದೆಂದರೆ, ಅದನ್ನು ಸಣ್ಣದು ಎನ್ನಲು ನನಗೆ ಮನಸ್ಸು ಬಾರದು.

ವಾದ ಅಲ್ಲಿಗೂ ಮುಗಿಯಲಿಲ್ಲ. 2023ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿತು. ಸಮುದಾಯದಲ್ಲಿ ಮಾಸ್ಕ್‌ನಿಂದ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಪತ್ರಿಕೆಗಳು ಬರೆದವು. ಆಗ ಸಂಸ್ಥೆಯ ಪ್ರಧಾನ ಸಂಪಾದಕಿಯೇ ತಿದ್ದಬೇಕಾಯಿತು. ತಾವು ನೋಡಿದ್ದು ಮಾಸ್ಕ್ ಹಾಕಿ ಎಂದು ಪ್ರೇರೇಪಿಸುವ ಕ್ರಮಗಳಿಂದ ಏನಾಯಿತು ಎಂಬುದನ್ನು, ಆ ಫಲಿತಾಂಶವೂ ಖಚಿತವಲ್ಲ ಎಂದರು. ಕೆಲಾಗ್ ಕಾಲದ ಗೊಂದಲವೇ, ನೂರು ವರ್ಷದ ನಂತರ.

ಕೇಳುಗರೆ, ನನ್ನ ಸಮಯ ಮುಗಿಯುತ್ತ ಬಂತು. ಸರ್ಕಾರಕ್ಕೆ ಆಜ್ಞೆ ಮಾಡುವ ಹಕ್ಕಿಲ್ಲ ಎನ್ನುವವನಲ್ಲ ನಾನು. ನನ್ನ ಉಸಿರು ಪಕ್ಕದವನ ಎದೆಗೆ ಹೋಗುವ ಕಡೆ, ನನ್ನ ಮುಖ ನನ್ನೊಬ್ಬನದೇ ಎಂಬ ಮಾತು ನಿಲ್ಲುವುದಿಲ್ಲ. ಆಸ್ಪತ್ರೆ, ತುಂಬಿದ ಬಸ್ಸು, ಕಿಟಕಿಯಿಲ್ಲದ ಕೋಣೆ, ಇಲ್ಲಿ ಆಜ್ಞೆ ಬೇಕು. ತೆರೆದ ರಸ್ತೆಯಲ್ಲಿ ನಡೆದು ಹೋಗುವವನ ಬೆನ್ನು ಹತ್ತಬೇಕಿಲ್ಲ. ಆಜ್ಞೆ ಯಾವಾಗ ಮುಗಿಯುತ್ತದೆ ಎಂಬುದನ್ನು ಅದು ಹೊರಟ ದಿನವೇ ಹೇಳಬೇಕು. ಯಾವ ಲೆಕ್ಕ ನೋಡಿ ಮುಗಿಸುತ್ತೀರಿ ಎಂಬುದನ್ನೂ ಹೇಳಬೇಕು.

ಇಂಥ ರೋಗ ಮತ್ತೆ ಬಂದೀತು. ಆಗ ಆಡಳಿತದಲ್ಲಿ ಕುಳಿತಿರುವವರಿಗೆ ನನ್ನ ವಿನಂತಿ ಇದು. ದಂಡದ ರಸೀತಿ ಅಚ್ಚುಹಾಕಿಸುವ ಮೊದಲು ಒಳ್ಳೆಯ ಮಾಸ್ಕ್ ತರಿಸಿ, ಪುಕ್ಕಟೆ ಹಂಚಿ. ಮಾರ್ಷಲ್‌ಗಳ ಕೈಗೆ ರಸೀತಿ ಪುಸ್ತಕದ ಬದಲು ಮಾಸ್ಕ್‌ನ ಕಟ್ಟು ಕೊಡಿ. ನೀವು ವೇದಿಕೆ ಹತ್ತುವಾಗ ಮೂಗಿನವರೆಗೂ ಏರಿಸಿ ಹತ್ತಿ. ಆಮೇಲೆ ನಮ್ಮನ್ನು ಕೇಳಿ, ನಾವು ಹಾಕುತ್ತೇವೆ.